ಎಂಟು ಮಂದಿ ಸೇರಿ ಮೊದಲ ಬಾರಿಗೆ 100 ಕಿಲೋಮೀಟರ್ ರಸ್ತೆ ಸೈಕಲ್ ಸವಾರಿ ಹೊರಡುವಾಗ ಸಾಮಗ್ರಿ, ನೀರು ಮತ್ತು ಯೋಜನೆ ಹೇಗಿರಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಇದುವರೆಗೆ ನೀವು ಒಬ್ಬರೇ 40ರಿಂದ 50 ಕಿಲೋಮೀಟರ್ ಸವಾರಿ ಮಾಡಿ ರೂಢಿಯಿದೆ, ಈಗ ಎಂಟು ಮಂದಿ ಗೆಳೆಯರು ಒಟ್ಟಾಗಿ 100 ಕಿಲೋಮೀಟರ್ ಹೋಗಬೇಕೆಂದಿದ್ದೀರಿ, ಅದಕ್ಕೆ ಏನು ಕೊಳ್ಳಬೇಕು, ಎಷ್ಟು ನೀರು ಬೇಕು, ದಾರಿಯನ್ನು ಹೇಗೆ ಯೋಜಿಸಬೇಕು. ನೀವು ಸಾಮಗ್ರಿಯನ್ನು ಮೊದಲು ಕೇಳಿದ್ದೀರಿ; ನಾನು ನೀರಿನಿಂದ ಆರಂಭಿಸುತ್ತೇನೆ. ಗುಂಪು ಸವಾರಿಗಳನ್ನು ಬಹುಕಾಲದಿಂದ ಮುನ್ನಡೆಸುತ್ತಿರುವ ನನಗೆ ಮನದಟ್ಟಾಗಿರುವ ಸಂಗತಿಯೆಂದರೆ, ಎಲ್ಲಿ ನಿಲ್ಲುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು, ದಾರಿ, ವೇಗ, ಬಾಟಲಿಗಳ ಸಂಖ್ಯೆ, ಜೇಬಿನಲ್ಲಿ ಇರಬೇಕಾದ ವಸ್ತುಗಳು ಎಲ್ಲವೂ ಅದನ್ನು ಅನುಸರಿಸಿ ಬರುತ್ತವೆ. ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ನೀರೇ.

ಸವಾರಿಯಲ್ಲಿ ಬೆವರಿನ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುತ್ತದೆ. ಗಂಟೆಗೆ ಅರ್ಧ ಲೀಟರ್ ಬೆವರುವವರೂ ಇದ್ದಾರೆ, ಅದೇ ಬಿಸಿಲಿನಲ್ಲಿ ಎರಡು ಲೀಟರ್‌ವರೆಗೆ ಕಳೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆ ಹೇಳುವ ಸಲಹೆಯನ್ನು ನಂಬಬೇಡಿ, ನೀವೇ ಅಳೆದುಕೊಳ್ಳಿ. ಸವಾರಿಗೆ ಮೊದಲು ಮೂತ್ರ ವಿಸರ್ಜನೆ ಮುಗಿಸಿ ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ, ಒಂದು ಗಂಟೆ ನಿಮ್ಮ ಎಂದಿನ ಶ್ರಮದಲ್ಲಿ ಓಡಿಸಿ, ಬಂದೊಡನೆ ಬೆವರು ಒರೆಸಿಕೊಂಡು ಮತ್ತೆ ತೂಕ ನೋಡಿ. ಇಳಿದ ಒಂದು ಕಿಲೋಗ್ರಾಂ ಸುಮಾರಾಗಿ ಒಂದು ಲೀಟರ್ ದ್ರವಕ್ಕೆ ಸಮ. ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಬೇಕು. 68 ಕಿಲೋಗ್ರಾಂ ಇದ್ದವರು ಅರ್ಧ ಲೀಟರ್ ಕುಡಿದೂ 67.2ಕ್ಕೆ ಇಳಿದಿದ್ದರೆ ಅವರು ಆ ಗಂಟೆಯಲ್ಲಿ 1.3 ಲೀಟರ್ ಬೆವರಿದ್ದಾರೆ ಎಂದರ್ಥ.

ಬೆವರಿದ್ದನ್ನೆಲ್ಲ ಅಷ್ಟಕ್ಕಷ್ಟೇ ತುಂಬಿಕೊಳ್ಳಬೇಕಾಗಿಲ್ಲ. ನಷ್ಟವು ದೇಹದ ತೂಕದ ಶೇಕಡಾ 2ನ್ನು ದಾಟದಂತೆ ನೋಡಿಕೊಳ್ಳುವುದು ಕ್ರೀಡಾ ವೈದ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ ಮಿತಿ. ಮೇಲಿನ ಉದಾಹರಣೆಯ ಸವಾರರಿಗೆ ಆ ಮಿತಿ 1.36 ಕಿಲೋಗ್ರಾಂ. ಅವರು ಗಂಟೆಗೊಂದು 750 ಮಿಲಿಲೀಟರ್ ಬಾಟಲಿ ಕುಡಿದರೆ ಪ್ರತಿ ಗಂಟೆ 550 ಮಿಲಿಲೀಟರ್ ಕೊರತೆ ಉಳಿಯುತ್ತದೆ, ಎರಡೂವರೆ ಗಂಟೆಯ ಹೊತ್ತಿಗೆ ಮಿತಿ ಮುಟ್ಟುತ್ತದೆ. ಸೈಕಲ್ಲಿನ ಎರಡು ಬಾಟಲಿಗಳಾದರೋ ಎರಡು ಗಂಟೆಗೇ ಬರಿದಾಗಿರುತ್ತವೆ. ಪಂಕ್ಚರ್, ಎದುರುಗಾಳಿ, ಮುಚ್ಚಿರುವ ಅಂಗಡಿ ಮುಂತಾದವಕ್ಕೆ ಸ್ವಲ್ಪ ಸಮಯ ಮೀಸಲಿಟ್ಟರೆ, ಒಂದೂವರೆ ಗಂಟೆಗೊಮ್ಮೆ ನೀರು ಸಿಗಲೇಬೇಕು ಎಂಬ ತೀರ್ಮಾನಕ್ಕೆ ಬರುತ್ತೇವೆ. ಗಂಟೆಗೆ 24 ಕಿಲೋಮೀಟರ್ ಸರಾಸರಿಯಲ್ಲಿ ಅದು 36 ಕಿಲೋಮೀಟರ್. ಹೀಗಾಗಿ ನಿಮ್ಮ 100 ಕಿಲೋಮೀಟರ್ ದಾರಿಯಲ್ಲಿ 35 ಮತ್ತು 70ರ ಆಸುಪಾಸಿನಲ್ಲಿ ಎರಡು ನಿಲುಗಡೆಗಳು ಇರಬೇಕು. ನಕ್ಷೆಯಲ್ಲಿ ಆ ಎರಡು ಬಿಂದುಗಳನ್ನು ಗುರುತಿಸಿ, ಅಲ್ಲಿ ನೀರು ಸಿಗುವುದು ಖಚಿತವಾದ ಮೇಲೆಯೇ ಅವುಗಳ ನಡುವೆ ದಾರಿಯನ್ನು ಎಳೆಯಿರಿ. ಎಷ್ಟೇ ಸುಂದರವಾದ ದಾರಿಯಾದರೂ ನಡುವೆ 60 ಕಿಲೋಮೀಟರ್ ನೀರಿಲ್ಲವೆಂದರೆ ಮೊದಲ ಗುಂಪು ಸವಾರಿಗೆ ಅದನ್ನು ನಾನು ಆರಿಸುವುದಿಲ್ಲ.

ನೀರಿನ ಕೊರತೆಯಷ್ಟೇ ಗಂಭೀರವಾದ ಇನ್ನೊಂದು ಅಪಾಯವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಗಂಟೆಗಟ್ಟಲೆ ನಿಧಾನವಾಗಿ ಸಾಗುತ್ತಾ, ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿಯುವವರ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಅದು ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದ ಸ್ಥಿತಿಯನ್ನು ಹೈಪೋನೆಟ್ರೀಮಿಯಾ ಎನ್ನುತ್ತಾರೆ. ತಲೆನೋವು, ವಾಕರಿಕೆ, ಬೆರಳುಗಳ ಊತ, ಗೊಂದಲ ಇದರ ಲಕ್ಷಣಗಳು. ಇವುಗಳಲ್ಲಿ ಕೆಲವು ನಿರ್ಜಲೀಕರಣದಂತೆಯೇ ಕಾಣುವುದರಿಂದ ಜೊತೆಯವರು ಮತ್ತಷ್ಟು ನೀರು ಕುಡಿಸಿ ಪರಿಸ್ಥಿತಿಯನ್ನು ಕೆಡಿಸುವ ಸಂಭವವಿದೆ. ಸವಾರಿ ಮುಗಿದಾಗ ಯಾರ ತೂಕವಾದರೂ ಹೊರಟಾಗಿನದಕ್ಕಿಂತ ಹೆಚ್ಚಿದ್ದರೆ ಅವರು ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದಾರೆ ಎಂದು ತಿಳಿಯಿರಿ. ಗೊಂದಲ ಅಥವಾ ನಿಲ್ಲದ ವಾಂತಿ ಕಂಡುಬಂದರೆ ಸವಾರಿಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಎರಡು ಬಾಟಲಿಗಳಲ್ಲಿ ಒಂದಕ್ಕೆ ಬರಿಯ ನೀರು, ಇನ್ನೊಂದಕ್ಕೆ ಉಪ್ಪು ಸಕ್ಕರೆ ಬೆರೆಸಿದ ನೀರು ಎಂಬ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಬರಿಯ ನೀರು ಗಾಯ ತೊಳೆಯಲು, ಕಣ್ಣಿಗೆ ಬಿದ್ದ ಧೂಳು ತೆಗೆಯಲು, ಬಿಸಿಲಿನಲ್ಲಿ ಕತ್ತಿನ ಮೇಲೆ ಸುರಿದುಕೊಳ್ಳಲು ಒದಗುತ್ತದೆ. ಇನ್ನೊಂದು 750 ಮಿಲಿಲೀಟರ್ ಬಾಟಲಿಗೆ 45ರಿಂದ 60 ಗ್ರಾಂ ಸಕ್ಕರೆ ಹಾಕಿದರೆ ಶೇಕಡಾ 6ರಿಂದ 8ರ ದ್ರಾವಣವಾಗುತ್ತದೆ. ಇದಕ್ಕಿಂತ ಗಾಢವಾದರೆ ಹಲವರಿಗೆ ಹೊಟ್ಟೆಯಲ್ಲಿ ಭಾರವಾಗುತ್ತದೆ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ ಇರುವುದರಿಂದ ಬಾಟಲಿಗೆ ಒಂದು ಗ್ರಾಂ ಸಾಧಾರಣವಾಗಿ ಸಾಕು. ಬೆವರು ಒಣಗಿದ ಮೇಲೆ ಬಟ್ಟೆಯ ಮೇಲೆ ಬಿಳಿ ಗೆರೆ ಮೂಡುವವರು ಇನ್ನಷ್ಟು ಸೇರಿಸಬಹುದು, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಸೇರಿಸಬಾರದು. ಆಹಾರದ ವಿಷಯದಲ್ಲಿ, ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ನಿಮ್ಮ ಸವಾರಿಗೆ ಸಾಕಾಗುತ್ತದೆ, ಬಾಟಲಿಯ ಸಕ್ಕರೆಯೂ ಆ ಲೆಕ್ಕದಲ್ಲೇ ಸೇರುತ್ತದೆ.

ಇನ್ನು ಗುಂಪಿನ ವಿಚಾರ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವಾಗ ಸವಾರರ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ, ಮತ್ತು ಗಾಳಿಗಾಗಿ ಬೇಕಾಗುವ ಶಕ್ತಿ ವೇಗದ ಘನದ ಅನುಪಾತದಲ್ಲಿ ಏರುತ್ತದೆ. ಗಂಟೆಗೆ 24 ಕಿಲೋಮೀಟರ್‌ನಿಂದ 30ಕ್ಕೆ ಏರಿಸಿದರೆ ಗಾಳಿಗೆಂದು ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಂದಿನವರ ಮರೆಯಲ್ಲಿ ಸಾಗುವವರಿಗೆ ಒಟ್ಟು ಶ್ರಮದಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿತಾಯವಾಗುತ್ತದೆ. ಆದರೆ ಈ ಲಾಭ ದೊರೆಯಬೇಕಾದರೆ ಮುಂದಾಳಿನ, ಅಂದರೆ ಸರದಿಯಂತೆ ಸಾಲಿನ ಮುಂದೆ ಸಾಗುವವರ, ವೇಗ ಸ್ಥಿರವಾಗಿರಬೇಕು. ಮುಂದೆ ಬಂದವರು ಉತ್ಸಾಹದಿಂದ ಮೂರು ನಾಲ್ಕು ಕಿಲೋಮೀಟರ್ ವೇಗ ಹೆಚ್ಚಿಸುವುದೇ ಗುಂಪು ಒಡೆಯುವುದಕ್ಕೆ ಅತಿ ಸಾಮಾನ್ಯ ಕಾರಣ. ಸರದಿ ಬದಲಾಗುವಾಗ ಹಿಂದಿನವರು ವೇಗ ಏರಿಸಿ ಮುಂದೆ ನುಗ್ಗಬಾರದು. ಮುಂದಿದ್ದವರೇ ಪಕ್ಕಕ್ಕೆ ಸರಿದು, ಪೆಡಲ್ ಹಗುರ ಮಾಡಿ, ಸಾಲಿನ ಕೊನೆಗೆ ಇಳಿಯಬೇಕು.

ಎಂಟು ಮಂದಿ ತಲಾ ಎರಡು ನಿಮಿಷ ಮುಂದಾಳಾಗಿ ಸಾಗಿದರೆ ಪ್ರತಿಯೊಬ್ಬರೂ 16 ನಿಮಿಷಕ್ಕೊಮ್ಮೆ ಸಾಲಿನ ಕೊನೆಗೆ ಬರುತ್ತಾರೆ. ನೀರು ಕುಡಿಯುವ ಜಾಗ ಅದೇ. ಸಾಲಿನ ನಡುವೆ ಒಂದು ಕೈ ಬಿಟ್ಟು ಬಾಟಲಿಗೆ ಬಗ್ಗುವುದು ಹಿಂದಿನವರಿಗೆಲ್ಲ ಅಪಾಯ. ಕೊನೆಯಲ್ಲಿದ್ದಾಗ ಹಿಂದೆ ಚಕ್ರವಿರುವುದಿಲ್ಲ, ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು ನೆಮ್ಮದಿಯಾಗಿ 200 ಮಿಲಿಲೀಟರ್ ಕುಡಿಯಬಹುದು. ಪ್ರತಿ ಸುತ್ತಿಗೂ ಹೀಗೆ ಕುಡಿದರೆ ಗಂಟೆಗೆ 750 ಮಿಲಿಲೀಟರ್, ಅಂದರೆ ಸರಿಯಾಗಿ ಒಂದು ಬಾಟಲಿ ಖಾಲಿಯಾಗಿರುತ್ತದೆ. ಕಡಿಮೆ ಬೆವರುವವರು ಪ್ರತಿ ಸುತ್ತಿಗೆ ಅದರ ಅರ್ಧ ಕುಡಿದರೆ ಸಾಕು. ಬಾಯಾರಿಕೆಯನ್ನೋ ಗಡಿಯಾರವನ್ನೋ ಕಾಯುವ ಬದಲು ಸರದಿಯೇ ನೆನಪಿಸುವಂತಿರುವ ಈ ಏರ್ಪಾಟು ನನಗೆ ಅತ್ಯಂತ ಇಷ್ಟವಾದದ್ದು.

ಚಕ್ರಗಳ ನಡುವಿನ ಅಂತರ ಮೊದಲ ದಿನ ಒಂದು ಸೈಕಲ್ಲಿನಷ್ಟು ಇರಲಿ, ನಂಬಿಕೆ ಬೆಳೆದಂತೆ ತಗ್ಗಿಸಿಕೊಳ್ಳಿ. ನಿಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಎಂದಿಗೂ ಹೋಗಬಾರದು, ಏಕೆಂದರೆ ಅವರು ಸ್ವಲ್ಪ ಸರಿದರೂ ಬೀಳುವವರು ನೀವು. ಏರಿನಲ್ಲಿ ಸೀಟಿನಿಂದ ಎದ್ದು ನಿಲ್ಲುವ ಕ್ಷಣದಲ್ಲಿ ಸೈಕಲ್ ತುಸು ಹಿಂದಕ್ಕೆ ಬಂದಂತಾಗುತ್ತದೆ. ಆದ್ದರಿಂದ ಪೆಡಲನ್ನು ಒತ್ತುತ್ತಲೇ ಏಳಬೇಕು. ತಿರುವಿನಿಂದ ಹೊರಬಂದ ಮುಂದಾಳು ಕೂಡಲೇ ವೇಗ ಹೆಚ್ಚಿಸಿದರೆ ಇನ್ನೂ ತಿರುವಿನಲ್ಲಿರುವ ಕೊನೆಯವರು ಓಡೋಡಿ ಸೇರಿಕೊಳ್ಳಬೇಕಾಗುತ್ತದೆ. ಕೊನೆಯವರು ಹೊರಬರುವವರೆಗೆ ಹಗುರವಾಗಿ ಸಾಗುವುದು ಮುಂದಾಳಿನ ಹೊಣೆ. ಗುಂಡಿ, ಜಲ್ಲಿ, ಹಿಂದಿನ ವಾಹನ, ನಿಲ್ಲುವುದು, ಇವುಗಳಿಗೆ ಕೈಸನ್ನೆಯ ಜೊತೆಗೆ ಒಂದೊಂದು ಕೂಗನ್ನೂ ಹೊರಡುವ ಮುನ್ನ ಒಪ್ಪಿಕೊಳ್ಳಿ, ಏಕೆಂದರೆ ಎರಡೂ ಕೈಗಳು ಬ್ರೇಕಿನ ಮೇಲಿರಬೇಕಾದ ಗಳಿಗೆಯಲ್ಲಿ ಸನ್ನೆ ಸಾಧ್ಯವಾಗುವುದಿಲ್ಲ.

ಒಟ್ಟು ಸವಾರಿಯ ವೇಗವನ್ನು ನಿಮ್ಮಲ್ಲಿ ಅತಿ ನಿಧಾನವಾಗಿ ಸಾಗುವವರು ಮಾತನಾಡುತ್ತಾ ಓಡಿಸಬಲ್ಲ ವೇಗಕ್ಕೆ ನಿಗದಿಮಾಡಿ. ಏರುಗಳಲ್ಲಿ ಮಾತ್ರ ಎಲ್ಲರನ್ನೂ ಅವರವರ ವೇಗಕ್ಕೆ ಬಿಟ್ಟು, ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಲು ಜಾಗವಿರುವ ಕಡೆ ಮತ್ತೆ ಕೂಡಿಕೊಳ್ಳಬಹುದು. ಅನುಭವಿಯೊಬ್ಬರು ಕೊನೆಯಲ್ಲಿ ಇರಲಿ. ಸಾಧ್ಯವಾದರೆ ಗಾಳಿಗೆ ಎದುರಾಗಿ ಹೊರಟು, ದಣಿದ ಉತ್ತರಾರ್ಧದಲ್ಲಿ ಬೆನ್ನಗಾಳಿ ಸಿಗುವಂತೆ ದಾರಿಯ ದಿಕ್ಕನ್ನು ಆರಿಸಿ. ದಾರಿಯ ಕಡತ ಎಂಟೂ ಮಂದಿಯ ಫೋನಿನಲ್ಲಿ ಇರಬೇಕು, ಅರ್ಧದಲ್ಲೇ ಬೇಗ ಮರಳಲು ಒಂದು ಅಡ್ಡದಾರಿಯೂ ಅದರಲ್ಲಿ ಗುರುತಾಗಿರಬೇಕು.

ಸಾಮಗ್ರಿಯ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ಇದು ಇಲ್ಲದಿದ್ದರೆ ಎಂಟು ಮಂದಿ ರಸ್ತೆಬದಿಯಲ್ಲಿ ಕಾಯಬೇಕಾಗುತ್ತದೆಯೇ? ಆ ದೃಷ್ಟಿಯಿಂದ ಪ್ರತಿಯೊಬ್ಬರೂ ತಮ್ಮ ಟೈರಿನ ಅಳತೆಗೂ ರಿಮ್ಮಿನ ಆಳಕ್ಕೂ ಹೊಂದುವ ವಾಲ್ವಿನ ಎರಡು ಟ್ಯೂಬ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಸನ್ನೆಗಳು (ಟೈರ್ ಲಿವರ್), ಪಂಪು ಮತ್ತು ಸಣ್ಣ ಉಪಕರಣಗಳ ಗುಚ್ಛವನ್ನು ಒಯ್ಯಬೇಕು. ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಬದಿಯನ್ನು ಬೆರಳಿನಿಂದ ಎಚ್ಚರಿಕೆಯಿಂದ ಸವರಿ ಮುಳ್ಳನ್ನು ಹುಡುಕಿ ತೆಗೆಯದಿದ್ದರೆ ಎರಡನೆಯ ಟ್ಯೂಬೂ ಹೋಗುತ್ತದೆ. ಚೈನ್ ಬಿಚ್ಚುವ ಉಪಕರಣ, ಚೈನ್ ಕೊಂಡಿ, ಹರಿದ ಟೈರಿಗೆ ಒಳಗಿನಿಂದ ಇಡುವ ಪಟ್ಟಿ ಗುಂಪಿಗೊಂದಿದ್ದರೆ ಸಾಕು, ಆದರೆ ಕೊಂಡಿಗಳು ಹಿಂಬದಿಯಲ್ಲಿ 11 ಹಲ್ಲುಚಕ್ರಗಳಿರುವ ಸೈಕಲ್ಲಿನ ಚೈನಿಗೂ 12ರ ಚೈನಿಗೂ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಿಂದ ಟೈರ್ ಬೇಗ ತುಂಬುತ್ತದೆ, ಆದರೆ ಆ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಹೊರಹೋಗುವುದರಿಂದ ಮನೆಗೆ ಬಂದ ಮೇಲೆ ಸಾಮಾನ್ಯ ಗಾಳಿ ತುಂಬಬೇಕು.

28 ಮಿಲಿಮೀಟರ್ ಅಗಲದ, ಟ್ಯೂಬ್ ಇರುವ ಟೈರಿಗೆ 70 ಕಿಲೋಗ್ರಾಂ ಆಸುಪಾಸಿನ ಸವಾರರು 65ರಿಂದ 75 ಪಿಎಸ್ಐ ಒತ್ತಡದಿಂದ ಆರಂಭಿಸಬಹುದು. ಟೈರನ್ನು ಹಿಡಿದಿಡುವ ಅಂಚಿನ ಕೊಕ್ಕೆಯಿಲ್ಲದ (ಹುಕ್‌ಲೆಸ್) ರಿಮ್ ಆಗಿದ್ದರೆ 5 ಬಾರ್, ಅಂದರೆ ಸುಮಾರು 72 ಪಿಎಸ್ಐ ಮೀರುವಂತಿಲ್ಲ. ಹೆಲ್ಮೆಟ್ ಕೊಳ್ಳುವಾಗ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಮಾನದಂಡದಂತಹ ಗುರುತು ನೋಡಿ, ಒಮ್ಮೆ ಬಲವಾದ ಪೆಟ್ಟು ಬಿದ್ದದ್ದನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ. ಮೆತ್ತೆಯಿರುವ ಸವಾರಿ ಚಡ್ಡಿಯ ಒಳಗೆ ಬೇರೆ ಒಳಉಡುಪು ಧರಿಸಬಾರದು. ಹಣ ಉಳಿದಿದ್ದರೆ ಗಾಳಿ ಸೀಳುವ ಚಕ್ರಗಳಿಗಿಂತ ಮೊದಲು ಬಾಟಲಿಯನ್ನು ಬಿಗಿಯಾಗಿ ಹಿಡಿಯುವ ಗೂಡುಗಳನ್ನು ಕೊಳ್ಳಿ. ಗುಂಪಿನಲ್ಲಿ ಉದುರಿದ ಬಾಟಲಿಯೊಂದು ಹಿಂದಿನ ಇಬ್ಬರು ಮೂವರನ್ನು ಕೆಡವಬಲ್ಲದು. ಹೊಸ ಶೂ, ಹೊಸ ಸೀಟು, ಇದುವರೆಗೆ ಕುಡಿಯದ ಪಾನೀಯ ಇವು ಯಾವುದೂ ಆ ದಿನವೇ ಮೊದಲ ಬಾರಿಗೆ ಬಳಕೆಗೆ ಬರಬಾರದು.

ಅದಕ್ಕಾಗಿ ಒಂದು ವಾರ ಮೊದಲು ಅದೇ ಎಂಟು ಮಂದಿ, ಅದೇ ಬಾಟಲಿ ಮತ್ತು ಬಟ್ಟೆಯಲ್ಲಿ, ಹೊರಡಲಿರುವ ಹೊತ್ತಿಗೇ 50 ಕಿಲೋಮೀಟರ್ ಓಡಿಸಿ ನೋಡಿ. ಎಲ್ಲರೂ ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ನೋಡಿಕೊಂಡು ತಮ್ಮ ಬೆವರಿನ ಲೆಕ್ಕ ಬರೆದುಕೊಳ್ಳಲಿ. ಆ ಎಂಟು ಅಂಕಿಗಳಲ್ಲಿ ಅತಿ ದೊಡ್ಡದು ಯಾರದೋ ಅವರಿಗೆ ಹೊಂದುವಂತೆ ನಿಲುಗಡೆಗಳ ಅಂತರವನ್ನು ನಿಗದಿಮಾಡಿ, ಅಗತ್ಯವಿದ್ದರೆ ಮೂರನೆಯ ನಿಲುಗಡೆ ಸೇರಿಸಿ, ಆಮೇಲೆ ದಾರಿಯನ್ನು ಅಂತಿಮಗೊಳಿಸಿ ಎಲ್ಲರಿಗೂ ಕಳುಹಿಸಿ.