ಗಂಟೆ ಕಟ್ಟಿದರೂ ಬೇಟೆ ಬಿಡದ ಬೆಕ್ಕು

ಅಕ್ಕ, ಬೆಕ್ಕಿಗೆ ಹೊಟ್ಟೆ ತುಂಬ ಊಟ ಹಾಕ್ತೀರಿ, ಕೊರಳಿಗೆ ಗಂಟೆನೂ ಕಟ್ಟಿದ್ದೀರಿ, ಆದರೂ ವಾರಕ್ಕೆರಡು ಹಕ್ಕಿ ಕಚ್ಚಿ ತಂದು ಬಾಗಿಲ ಮುಂದೆ ಹಾಕುತ್ತೆ, ದೂರ ಎಲ್ಲಾದರೂ ಬಿಟ್ಟು ಬರೋಣವಾ ಅಂತ ಕೇಳಿದ್ದೀರಿ. ಅದಕ್ಕೆ ಒಬ್ಬರು "ಅದರ ಹುಟ್ಟುಗುಣ, ತಲೆ ಕೆಡಿಸ್ಕೋಬೇಡಿ" ಅಂದಿದ್ದಾರೆ. ಹುಟ್ಟುಗುಣ ಅನ್ನೋದು ನಿಜ. ಆದರೆ ಅದಕ್ಕೆ ನಾವು ಮಾಡಬಹುದಾದ್ದು ಸಾಕಷ್ಟಿದೆ.

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಪಾಪ ಆ ಇಲಿಗಳು ಸಭೆ ಸೇರಿದ್ದೇ ದಂಡ! ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಫಲ ಕೊಟ್ಟಿದ್ದು ಬೇರೆ. ಧಾನ್ಯ ಇಲ್ಲದ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಆಟ ಆಡಿಸಿದಾಗ ಶೇ. 25. ಅಂದರೆ ಹೊಟ್ಟೆ ತುಂಬಿದರೆ ಸಾಲದು, ಏನು ತುಂಬಿದೆ ಅನ್ನೋದು ಮುಖ್ಯ. ಹಾಗೇ ಬೇಟೆಯ ಚಟಕ್ಕೂ ಬೇರೆ ದಾರಿ ಬೇಕು.

ಆಟ ಅಂದರೆ ಚೆಂಡು ಎಸೆದು ಮೊಬೈಲ್ ಹಿಡಿದು ಕೂರೋದಲ್ಲ. ಕೋಲಿನ ತುದಿಗೆ ದಾರ, ದಾರಕ್ಕೊಂದು ಗರಿ ಕಟ್ಟಿ. ನೆಲದ ಮೇಲೆ ಸರಸರ ಎಳೀರಿ, ದಿಂಬಿನ ಹಿಂದೆ ಮರೆ ಮಾಡಿ, ತಟಸ್ಥವಾಗಿ ನಿಲ್ಲಿಸಿ, ಮತ್ತೆ ಎಳೀರಿ. ಅದು ಹೊಂಚು ಹಾಕಿ, ಹಿಂಭಾಗ ಅಲ್ಲಾಡಿಸಿ ನೆಗೆಯುತ್ತೆ ನೋಡಿ, ಆಗ ಸಿಗೋಕೆ ಬಿಡಿ. ಕೊನೆವರೆಗೂ ಸತಾಯಿಸಿದರೆ ಸಿಟ್ಟು ನಿಮ್ಮ ಕಾಲಿನ ಮೇಲೆ ತೀರುತ್ತೆ (ನನ್ನ ಪಾದದಲ್ಲಿ ಇನ್ನೂ ಗುರುತಿದೆ). ಆಟ ಮುಗಿದ ತಕ್ಷಣ ಊಟ ಹಾಕಿ. ತಿಂದು, ಮೈ ನೆಕ್ಕಿಕೊಂಡು ಮಲಗುತ್ತೆ. ದಾರ ಮಾತ್ರ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್ನೇ ಗತಿ.

ಬೆಳಕು ಹರಿಯೋ ಹೊತ್ತು ಮತ್ತು ಮುಸ್ಸಂಜೆ, ಈ ಎರಡು ಹೊತ್ತಲ್ಲಿ ಬಾಗಿಲು ಹಾಕಿಡಿ, ಬೇಟೆಗೆ ಅದು ಹುರುಪಾಗೋದು ಆಗಲೇ. ಹಕ್ಕಿ ಮರಿ ಮಾಡೋ ಕಾಲದಲ್ಲಂತೂ ಹೊರಗೆ ಬಿಡಲೇಬೇಡಿ. ಶುರುವಿನಲ್ಲಿ ಅರಚುತ್ತೆ. ಅರಚಿದಾಗ ಒಂದು ಸಲ ಬಾಗಿಲು ತೆಗೆದಿರೋ, ಅರಚಿದರೆ ತೆಗೀತಾರೆ ಅಂತ ಕಲಿತುಬಿಡುತ್ತೆ. ಕಿಟಕಿ ಹತ್ತಿರ ಎತ್ತರದ ಕಟ್ಟೆಯೊಂದು ಇದ್ದರೆ ಹೊರಗಿನದನ್ನು ನೋಡುತ್ತಾ ಕೂರುತ್ತೆ. ಬಲೆ ಹೊಡೆದ ಬಾಲ್ಕನಿ ಇದ್ದರೆ ಇನ್ನೂ ಒಳ್ಳೇದು.

ಗಂಟೆ ಬದಲು ಕೊರಳ ಸುತ್ತ ಕಣ್ಣಿಗೆ ಹೊಡೆಯೋ ಬಣ್ಣದ ಅಗಲ ಬಟ್ಟೆ ಪಟ್ಟಿ ಹಾಕಬಹುದು. ಅದೇ ಅಧ್ಯಯನದಲ್ಲಿ ಹಕ್ಕಿ ಬೇಟೆ ಶೇ. 42 ಇಳಿದಿದ್ದು ಇದರಿಂದ. ಇಲಿಗಳಿಗೆ ಮಾತ್ರ ಉಪಯೋಗವಾಗಲಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಕೊರಳಪಟ್ಟಿಯನ್ನೇ ತಗೊಳ್ಳಿ.

ಇನ್ನು ದೂರ ಬಿಟ್ಟು ಬರೋ ಮಾತು. ದಯವಿಟ್ಟು ಬೇಡ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿ ಕೊಲ್ಲುತ್ತವೆ ಅಂತ 2013ರ ಒಂದು ಅಂದಾಜು ಹೇಳುತ್ತೆ, ಅದರಲ್ಲಿ ಹೆಚ್ಚಿನ ಪಾಲು ಯಾರ ಮನೆಗೂ ಸೇರದ ಬೆಕ್ಕುಗಳದ್ದು. ಬಿಟ್ಟು ಬಂದರೆ ನೀವು ಆ ಗುಂಪಿಗೆ ಇನ್ನೊಂದನ್ನು ಸೇರಿಸಿದ ಹಾಗೆ. ಸಂತಾನಹರಣ ಆಗಿದೆಯಾ ಅಂತ ನೀವು ಬರೆದಿಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗರ್ಭ ಕಟ್ಟಬಹುದು, ಎರಡು ತಿಂಗಳು ಚಿಲ್ಲರೆಯಲ್ಲಿ ಮರಿ. ಆಗಿಲ್ಲದಿದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ, ಲಸಿಕೆನೂ ಮಾತಾಡಿ ಬನ್ನಿ.

ಅಷ್ಟರಲ್ಲಿ ಇನ್ನೊಂದು ಹಕ್ಕಿ ಜೀವಂತ ಸಿಕ್ಕರೆ, ಗಾಯ ಕಾಣದಿದ್ದರೂ ಹಾರಿಸಿ ಬಿಡಬೇಡಿ. ಬೆಕ್ಕಿನ ಬಾಯಲ್ಲಿರೋ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ತೂತಿನಲ್ಲಿ ಒಳಹೊಕ್ಕರೂ ಸಾಕು, ಒಂದೆರಡು ದಿನದಲ್ಲಿ ಹಕ್ಕಿ ಸಾಯಬಹುದು. ಗಾಳಿಯಾಡೋ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗೆ ನೀರು ಹಾಕಬೇಡಿ. ಅದೇ ದಿನ ವೈದ್ಯರ ಹತ್ತಿರ ಒಯ್ದು, ಬೆಕ್ಕು ಕಚ್ಚಿದ್ದು ಅಂತಲೇ ಹೇಳಿ.