ಆಫ್ ಸೀಸನ್‌ನಲ್ಲಿ ಬಾಸ್ಕೆಟ್‌ಬಾಲ್ ತಂಡ ಒಬ್ಬ ಸ್ಟಾರ್ ತರಬೇಕಾ, ಮೂರ್ನಾಲ್ಕು ಸಾಧಾರಣ ಆಟಗಾರರನ್ನಾ, ಇಲ್ಲಾ ಹೊಸ ಹುಡುಗರನ್ನು ಬೆಳೆಸಬೇಕಾ?

ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಚಿಕ್ಕಮಗಳೂರಿನಲ್ಲಿ ನಾಲ್ಕು ಗೆಳೆಯರು ಕೂತು, ಅಮೆರಿಕದ ಎನ್‌ಬಿಎ ಲೀಗಿನ ತಂಡವೊಂದು ನಮ್ಮ ಕೈಗೆ ಸಿಕ್ಕರೆ ಏನು ಮಾಡೋಣ ಅಂತ ರಾತ್ರಿಯೆಲ್ಲಾ ಜಗಳ ಆಡುತ್ತಿದ್ದೀರಿ, ಅಲ್ವಾ? ನಾನು ಹಾಸನದವನು. ಇದೇ ಜಗಳ 2021ರಲ್ಲಿ ಆಡಿದೆ. ಗೆದ್ದೆ ಕೂಡ. ಗೆದ್ದಿದ್ದಕ್ಕೆ ಅರವತ್ತು ಸಾವಿರ ರೂಪಾಯಿ ನೀರಿಗೆ ಹೋಯಿತು. ದುಡ್ಡು ನನ್ನದಲ್ಲ, ಆಲೂಗಡ್ಡೆ ಮಂಡಿ ಸಾಹುಕಾರರೊಬ್ಬರದು. ಅವರು ಈಗಲೂ ಎನ್.ಆರ್. ಸರ್ಕಲ್‌ನಲ್ಲಿ ಎದುರಾದರೆ ನಾನು ರಸ್ತೆಯ ಆ ಕಡೆಗೆ ದಾಟುತ್ತೇನೆ.

2021ರ ಜುಲೈ ಕೊನೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ, ಲೇಕರ್ಸ್ ತಂಡ ರಸೆಲ್ ವೆಸ್ಟ್‌ಬ್ರೂಕ್‌ನನ್ನು ತರುತ್ತಿದೆ ಅಂತ ಸುದ್ದಿ. 2017ರ ಎಂವಿಪಿ, ಅಂದರೆ ಆ ಸೀಸನ್ನಿನ ಅತ್ಯುತ್ತಮ ಆಟಗಾರ. ಹಿಂದಿನ ಸೀಸನ್‌ನಲ್ಲಷ್ಟೇ ವಾಷಿಂಗ್ಟನ್‌ಗೆ ಟ್ರಿಪಲ್ ಡಬಲ್ ಸರಾಸರಿಯಲ್ಲಿ (ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರೂ ಪಂದ್ಯಕ್ಕೆ ಹತ್ತರ ಮೇಲೆ) ಆಡಿದವನು. ಬದಲಿಗೆ ಕೊಟ್ಟಿದ್ದು ಕೈಲ್ ಕುಜ್ಮಾ, ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್, ಮಾಂಟ್ರೆಜ್ ಹ್ಯಾರೆಲ್ ಮತ್ತು ಡ್ರಾಫ್ಟ್‌ನ 22ನೇ ಆಯ್ಕೆ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವಾಗ ಸಿಗುವ 22ನೇ ಸರದಿ. ಅಲ್ಲಿ ಮೊದಲೇ ಲೆಬ್ರಾನ್ ಜೇಮ್ಸ್, ಆಂಥನಿ ಡೇವಿಸ್ ಅನ್ನುವ ಇಬ್ಬರು ಸ್ಟಾರ್, ಈಗ ಇವನು. ಕಪ್ ಮನೆಗೇ ಬಂದ ಹಾಗೆ ಅಂತ ನಾನು ಎಲ್ಲ ಗ್ರೂಪಿಗೂ ಮೆಸೇಜ್ ಹಾಕಿದೆ.

ನಾನು ಆಗ ನಮ್ಮೂರಿನ ಒಂದು ಕ್ಲಬ್ ತಂಡ ನೋಡಿಕೊಳ್ಳುತ್ತಿದ್ದೆ. ಕೋಚ್ ನಾನೇ, ಮ್ಯಾನೇಜರ್ ನಾನೇ, ನೀರಿನ ಕ್ಯಾನ್ ಹೊರುವವನೂ ನಾನೇ. ಆಫ್ ಸೀಸನ್ ಅಂದರೆ ನಮಗೆ ಮಳೆಗಾಲ. ಸಿಮೆಂಟ್ ಕೋರ್ಟಿನ ಮೇಲೆ ಪಾಚಿ ಕಟ್ಟುತ್ತದೆ. ಮಳೆ ನಿಂತ ಸಂಜೆ ಗೋಣಿಚೀಲ ಹಾಕಿ ನೀರು ಎಳೆದು, ಒಣಗಿದ ಅರ್ಧ ಕೋರ್ಟಿನಲ್ಲಿ ಆಡಬೇಕು. ಆ ವರ್ಷ ಹೊನಲು ಬೆಳಕಿನ ಪಂದ್ಯಾವಳಿ ಇತ್ತು. ಸಾಹುಕಾರರು ಅರವತ್ತು ಸಾವಿರ ಕೊಡುತ್ತೇನೆ ಅಂದರು. ನನ್ನ ತಲೆಯಲ್ಲಿ ಲೇಕರ್ಸ್ ಕೂತಿತ್ತು.

ಬೆಂಗಳೂರಿನಿಂದ ಒಬ್ಬ ಗೆಸ್ಟ್ ಪ್ಲೇಯರ್ ಕರೆಸಿದೆ. 6 ಅಡಿ 4 ಇಂಚು. ಅವನಿಗೆ 35 ಸಾವಿರ, ಬಸ್ಸು ರೂಮು ಬೇರೆ. ಉಳಿದದ್ದು ಜೆರ್ಸಿಗೆ, ಎಂಟ್ರಿ ಫೀಸಿಗೆ ಸರಿಹೋಯಿತು. ಪ್ರತಿ ವರ್ಷ ಹುಡುಗರಿಗೆ ಕೊಡುತ್ತಿದ್ದ ಪೆಟ್ರೋಲ್ ದುಡ್ಡು ಆ ವರ್ಷ ಇಲ್ಲ.

ಇಲ್ಲೇ ನಾನು ತಪ್ಪಿದ್ದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ನಾಲ್ಕು ಜನರ ಜಗಳವೂ ಅದೇ ಗುಂಡಿಯೊಳಗೆ ನಡೆಯುತ್ತಿದೆ.

ನಮ್ಮಲ್ಲಿ ಒಬ್ಬ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ, ಇದ್ದ. ದುದ್ದದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ. ನಾವು ಅವನನ್ನು ಕಂಬ ಅಂತ ಕರೆಯುತ್ತಿದ್ದೆವು. ನನ್ನ ನೋಟ್‌ಬುಕ್ಕಿನಲ್ಲಿ ಅವನ ಲೆಕ್ಕ ಪಂದ್ಯಕ್ಕೆ 4 ಪಾಯಿಂಟ್. ಹೊಸಬನದು 22. ನಾನು ಪೆನ್ನು ತೆಗೆದು ಇಪ್ಪತ್ತೆರಡರಲ್ಲಿ ನಾಲ್ಕು ಕಳೆದೆ. ಹದಿನೆಂಟು. ಅಂದರೆ ಪ್ರತಿ ಪಂದ್ಯಕ್ಕೆ 18 ಪಾಯಿಂಟ್ ಜಾಸ್ತಿ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಆ ಪುಟ ಇನ್ನೂ ಇಟ್ಟುಕೊಂಡಿದ್ದೇನೆ.

ಈ ಕಳೆಯುವ ಲೆಕ್ಕವೇ ಸುಳ್ಳು. ಕೋರ್ಟಿನಲ್ಲಿ ಚೆಂಡು ಒಂದೇ. ಒಂದು ಪಂದ್ಯದಲ್ಲಿ ನಾವು ಹೆಚ್ಚೆಂದರೆ ಅರವತ್ತು ಸಲ ಬುಟ್ಟಿಗೆ ಎಸೆಯುತ್ತಿದ್ದೆವು. ಹೊಸಬ ಬಂದ ಮಾತ್ರಕ್ಕೆ ಅದು ಎಂಬತ್ತು ಆಗುವುದಿಲ್ಲ. ಅವನು ಇಪ್ಪತ್ತೈದು ಎಸೆದರೆ, ಆ ಇಪ್ಪತ್ತೈದನ್ನು ಬೇರೆಯವರ ಕೈಯಿಂದಲೇ ಕಿತ್ತುಕೊಳ್ಳಬೇಕು. ಯಾರ ಕೈಯಿಂದ? ಚೆಂಡು ಪುಟಿಸಿ ತರುವ ನಮ್ಮ ಇಬ್ಬರು ಗಾರ್ಡ್‌ಗಳ ಕೈಯಿಂದ. ಅವರು ಕೆಟ್ಟ ಶೂಟರ್‌ಗಳೇನಲ್ಲ. ಕಂಬನ ನಾಲ್ಕು ಪಾಯಿಂಟ್ ಜಾಗದಲ್ಲಿ ಇಪ್ಪತ್ತೆರಡು ಬರಲಿಲ್ಲ. ಗಾರ್ಡ್‌ಗಳ ಪಾಯಿಂಟುಗಳೇ ಹೊಸಬನ ಹೆಸರಿಗೆ ವರ್ಗ ಆದವು, ಅಷ್ಟೇ. ಜಮೀನು ಅಷ್ಟೇ ಇದೆ, ಪಹಣಿಯಲ್ಲಿ ಹೆಸರು ಬದಲಾಯಿತು.

ಇನ್ನು ಕಂಬ ಮಾಡುತ್ತಿದ್ದ ಕೆಲಸಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಮ್ಮೇ ಇರಲಿಲ್ಲ. ಅವನ ಕೆಲಸ ಸ್ಕ್ರೀನ್. ನಮ್ಮ ಗಾರ್ಡ್ ಚೆಂಡು ಪುಟಿಸುತ್ತಾ ಬರುವಾಗ, ಅವನನ್ನು ಕಾಯುವ ಎದುರಾಳಿಯ ದಾರಿಗೆ ಅಡ್ಡ ಹೋಗಿ ಅಲುಗಾಡದೆ ನಿಲ್ಲುವುದು. ಎದುರಾಳಿ ಬಂದು ಎದೆಗೆ ಗುದ್ದುತ್ತಾನೆ, ಅಷ್ಟರಲ್ಲಿ ಗಾರ್ಡ್‌ಗೆ ಒಂದು ಹೆಜ್ಜೆ ಜಾಗ ಸಿಗುತ್ತದೆ. ಪಾಯಿಂಟು ಗಾರ್ಡ್‌ದು, ನೋವು ಕಂಬನದು. ನಿಲ್ಲುವ ಮೊದಲು ನಾಲಿಗೆಯಲ್ಲಿ ಒಂದು ಸಣ್ಣ ‘ಟಕ್’ ಶಬ್ದ ಮಾಡುತ್ತಿದ್ದ. ಗಾರ್ಡ್ ತಿರುಗಿ ನೋಡುತ್ತಲೂ ಇರಲಿಲ್ಲ, ಆ ಶಬ್ದ ಕೇಳಿಸಿದ ಕಡೆಗೆ ನುಗ್ಗುತ್ತಿದ್ದ. ಮೂರು ವರ್ಷ ಒಟ್ಟಿಗೆ ಆಡಿ ಬಂದ ಅಭ್ಯಾಸ ಅದು.

ಕಂಬನಿಗೆ ಟೀ ಅಂಗಡಿಯಲ್ಲಿ ವಿಷಯ ಹೇಳಿದೆ. ‘ಈ ಸಲ ಬೆಂಚಲ್ಲಿರು, ನಿನ್ನ ಬಿಟ್ಟಿಲ್ಲ ಮಾರಾಯ’ ಅಂತ ಸುತ್ತಿ ಬಳಸಿ ಮಾತಾಡಿದೆ. ಅವನು ಟೀ ಲೋಟ ಕೆಳಗಿಟ್ಟು, ‘ಬರ್ಲಾ ಬೇಡ್ವಾ, ಅಷ್ಟ್ ಹೇಳಣ್ಣ. ಪೆಟ್ರೋಲ್ ನಂದೇ ಅಲ್ವಾ’ ಅಂದ. ನಾನು ‘ನಿನ್ನಿಷ್ಟ’ ಅಂದೆ. ಅವನು ಬರಲಿಲ್ಲ.

ಓಮಿಕ್ರಾನ್ ಗಲಾಟೆಯಲ್ಲಿ ಪಂದ್ಯಾವಳಿ ಮುಂದಕ್ಕೆ ಹೋಗಿ ಮಾರ್ಚ್‌ನಲ್ಲಿ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ 9 ಪಾಯಿಂಟಿನಿಂದ ಸೋತೆವು. ಹೊಸಬ 27 ಹೊಡೆದ, ಜನ ಶಿಳ್ಳೆ ಹಾಕಿದರು. ಅವನ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ, ಅವನು ಅದನ್ನೇ ಮಾಡಿದ. ಆದರೆ ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮ ಗಾರ್ಡ್ ಚೆಂಡು ತಂದು ಬಲಗಡೆ ಒಂದು ಕ್ಷಣ ತಡೆದ. ಕತ್ತು ಸ್ವಲ್ಪ ವಾಲಿಸಿ, ಆ ‘ಟಕ್’ ಶಬ್ದಕ್ಕೆ ಕಾದ. ಯಾರೂ ಬರಲಿಲ್ಲ. ಹೊಸಬ ಆ ತುದಿಯಲ್ಲಿ ಕೈ ಎತ್ತಿ ಚೆಂಡು ಕೇಳುತ್ತಾ ನಿಂತಿದ್ದ. ಅಷ್ಟರಲ್ಲಿ ಎದುರಾಳಿ ಚೆಂಡು ಕಿತ್ತುಕೊಂಡು ಹೋದ.

ಅದೇ ಹೊತ್ತಿಗೆ ಅಲ್ಲಿ ಲೇಕರ್ಸ್ ಕಥೆಯೂ ಅದೇ. ಮೂವರು ಸ್ಟಾರ್‌ಗಳ ಸಂಬಳ ಸೇರಿದರೆ 12 ಕೋಟಿ ಡಾಲರ್. ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕಿದ್ದ ಮಿತಿಯೇ (ವಿನಾಯಿತಿ ಇದ್ದರೆ ದಾಟಬಹುದು) 11.24 ಕೋಟಿ. ಹಾಗಾಗಿ ಸುತ್ತಮುತ್ತ ಕನಿಷ್ಠ ಸಂಬಳದ ಹಳೆಯ ಹೆಸರುಗಳನ್ನು ತುಂಬಿಕೊಂಡರು. ವೆಸ್ಟ್‌ಬ್ರೂಕ್ ಕೈಯಲ್ಲಿ ಚೆಂಡಿಲ್ಲದಿದ್ದರೆ ಅವನಿಂದ ಪ್ರಯೋಜನ ಕಡಿಮೆ, ದೂರದಿಂದ ಎಸೆದರೆ ಬೀಳುವುದೂ ಕಡಿಮೆ. ಚೆಂಡು ಲೆಬ್ರಾನ್ ಕೈಯಲ್ಲಿ. 33 ಗೆಲುವು, 49 ಸೋಲು, ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಕೂಡ ಇಲ್ಲ. ಅವರದೂ ಕಳೆಯುವ ಲೆಕ್ಕವೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯೇ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ಟ್ರೇಡಾ (ಆಟಗಾರರ ಅದಲು ಬದಲು), ಫ್ರೀ ಏಜೆನ್ಸಿಯಾ (ಒಪ್ಪಂದ ಮುಗಿದವರನ್ನು ಕರೆಸೋದು), ಡ್ರಾಫ್ಟಾ ಅನ್ನೋದು ಯಾವ ಅಂಗಡಿಗೆ ಹೋಗೋಣ ಅನ್ನೋ ಮಾತು. ಮನೆಯಲ್ಲಿ ಏನಿದೆ ಅಂತ ನೋಡದೆ ಯಾರಾದರೂ ಸಂತೆಗೆ ಹೋಗುತ್ತಾರಾ? ಯಾರನ್ನು ತರಬೇಕು ಅನ್ನುವ ಪಟ್ಟಿಗಿಂತ ಮೊದಲು, ಯಾರನ್ನು ಕಳೆದುಕೊಳ್ಳಬಾರದು ಅನ್ನುವ ಪಟ್ಟಿ ಬರೆಯಿರಿ. ಅದರಲ್ಲಿ ಮೊದಲ ಎರಡು ಹೆಸರು ಬಿಟ್ಟುಬಿಡಿ, ಅವು ಎಲ್ಲರಿಗೂ ಗೊತ್ತು. ಆರನೇ, ಏಳನೇ ಹೆಸರಿಗೆ ಜಗಳ ಆಡಿ.

ಲೇಕರ್ಸ್ ಆ ಬೇಸಿಗೆಯಲ್ಲಿ ಕೈಬಿಟ್ಟವರನ್ನೇ ನೋಡಿ. ಕಾಲ್ಡ್‌ವೆಲ್-ಪೋಪ್ ಮುಂದೆ ಡೆನ್ವರ್ ಸೇರಿ 2023ರಲ್ಲಿ ಚಾಂಪಿಯನ್ ಆದ. ಆ ವರ್ಷ ಸೆಮಿಫೈನಲ್ ಇದ್ದ ಹಾಗಿನ ಕಾನ್ಫರೆನ್ಸ್ ಫೈನಲ್‌ನಲ್ಲಿ ಡೆನ್ವರ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು 4-0 ಬಾರಿಸಿದ್ದು ಲೇಕರ್ಸ್‌ಗೇ. ಅದೇ ಬೇಸಿಗೆ ಫ್ರೀ ಏಜೆಂಟ್ ಆಗಿ ಶಿಕಾಗೋಗೆ ಹೋದ ಅಲೆಕ್ಸ್ ಕರೂಸೋನನ್ನು 2024ರಲ್ಲಿ ಒಕ್ಲಹೋಮ ಸಿಟಿ ತಂದಿತು, 2025ರಲ್ಲಿ ಕಪ್ ಗೆದ್ದಿತು. ಇಬ್ಬರೂ 2020ರಲ್ಲಿ ಲೇಕರ್ಸ್ ಕಪ್ ಗೆದ್ದಾಗ ಅಲ್ಲೇ ಇದ್ದವರು. ಪಾಯಿಂಟ್ ಪಟ್ಟಿಯಲ್ಲಿ ಇವರಿಬ್ಬರೂ ಎಲ್ಲೋ ಕೆಳಗೆ ಇರುತ್ತಾರೆ. ಕಂಬಗಳೇ.

ಹಾಗಂತ ಸ್ಟಾರ್ ತರಲೇಬಾರದು ಅಂತಲ್ಲ. 2018ರಲ್ಲಿ ಟೊರೊಂಟೊ ಕವಾಯ್ ಲೆನಾರ್ಡ್‌ಗಾಗಿ ಡೆಮಾರ್ ಡಿರೋಜನ್‌ನನ್ನು ಕೊಟ್ಟು, ಮರುವರ್ಷವೇ ಗೆದ್ದಿತು. ಆದರೆ ಲೌರಿ, ಸಿಯಾಕಮ್, ವ್ಯಾನ್‌ವ್ಲೀಟ್ ಅಲ್ಲೇ ಉಳಿದಿದ್ದರು. ಕವಾಯ್ ಒಂದೇ ವರ್ಷಕ್ಕೆ ಹೋದ, ಹೋಗಲಿ, ಕಪ್ ಬಂತಲ್ಲ. ಉಲ್ಟಾ ಉದಾಹರಣೆ ಕ್ಲಿಪ್ಪರ್ಸ್. 2019ರಲ್ಲಿ ಪಾಲ್ ಜಾರ್ಜ್‌ಗಾಗಿ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನೂ ಡ್ರಾಫ್ಟಿನ ಐದು ಮೊದಲ ಸುತ್ತಿನ ಆಯ್ಕೆಗಳನ್ನೂ ಒಕ್ಲಹೋಮಗೆ ಕೊಟ್ಟರು. ಶೇ ಎಂವಿಪಿ ಆದ, ಆ ಆಯ್ಕೆಗಳಲ್ಲಿ ಒಂದರಿಂದ ಜೇಲನ್ ವಿಲಿಯಮ್ಸ್ ಬಂದ. 2025ರ ಕಪ್ಪಿನ ಬೀಜ ಬಿದ್ದಿದ್ದು ಆ ದಿನ.

ನಿಮ್ಮಲ್ಲಿ ‘ಮೂವರನ್ನು ಕೊಟ್ಟು ಒಬ್ಬನನ್ನು ತರೋಣ’ ಅನ್ನುವ ಗೆಳೆಯನಿಗೆ ಇದನ್ನು ಹೇಳಿ: 2023ರ ಹೊಸ ಒಪ್ಪಂದದ ನಂತರ, ಒಟ್ಟು ಸಂಬಳದಲ್ಲಿ ಸೆಕೆಂಡ್ ಏಪ್ರನ್ ಅನ್ನುವ, ಮಿತಿಗಿಂತ ತುಂಬಾ ಮೇಲಿನ ಗೆರೆ ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ಹಾಗಿಲ್ಲ. ಮಿತಿ ದಾಟಿದ ಮೇಲೂ ಮಧ್ಯಮ ಸಂಬಳಕ್ಕೆ ಫ್ರೀ ಏಜೆಂಟನ್ನು ತರಲು ಬಿಡುವ ಮಿಡ್ ಲೆವೆಲ್ ವಿನಾಯಿತಿಯೂ ಸಿಗುವುದಿಲ್ಲ. ಅಂಥ ತಂಡಕ್ಕೆ ನಿಮ್ಮ ಮೂರು ದಾರಿಗಳಲ್ಲಿ ಒಂದೂವರೆ ಆಗಲೇ ಮುಚ್ಚಿರುತ್ತದೆ. ಡ್ರಾಫ್ಟ್ ಬಗ್ಗೆ ನನಗೆ ಜಾಸ್ತಿ ಹೇಳಲಿಕ್ಕಿಲ್ಲ. ಮುಂದೆ ಡೆನ್ವರ್ ತಂಡದ ದೊಡ್ಡ ಸ್ಟಾರ್ ಆದ ನಿಕೋಲಾ ಯೋಕಿಚ್ 2014ರಲ್ಲಿ 41ನೆಯವನಾಗಿ ಸಿಕ್ಕಿದ ಅಂತ ಎಲ್ಲರೂ ಹೇಳುತ್ತಾರೆ. ನಲವತ್ತೊಂದನೇ ನಂಬರಿಗೆ ಪ್ರತಿ ವರ್ಷ ಯೋಕಿಚ್ ಸಿಗುವ ಹಾಗಿದ್ದರೆ ನಾನೂ ಮ್ಯಾನೇಜರ್ ಆಗಿರುತ್ತಿದ್ದೆ.

ಯಾವ ತಂಡ ಅಂತ ನೀವು ಬರೆದೇ ಇಲ್ಲ. ಬರೆಯಿರಿ, ಅದರ ಕಂಬ ಯಾರು ಅಂತ ಹುಡುಕೋಣ.

ನಮ್ಮ ಕಂಬ ಎರಡು ವರ್ಷ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಈಗ ಭಾನುವಾರ ಮಾತ್ರ ಬರುತ್ತಾನೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡುತ್ತಾನೆ. ಹೋದ ವಾರ ಪೆಟ್ರೋಲ್‌ಗೆ ಅಂತ ಮುನ್ನೂರು ರೂಪಾಯಿ ಜೇಬಿಗೆ ತುರುಕಲು ಹೋದರೆ, ನೂರು ವಾಪಸ್ ಕೊಟ್ಟು, ‘ದುದ್ದ ಅಷ್ಟ್ ದೂರ ಇಲ್ಲ ಕಣಣ್ಣ’ ಅಂದ.