ಓವನ್ ಕಾಯಲಿ, ನೀವೂ ಕಾಯಿರಿ

ಮಳೆ ಹಿಂದೆ ಸರಿದು ಮೈಸೂರಲ್ಲಿ ಬಿಸಿಲು ಕಂಡಿದೆ. ನಮ್ಮ ತಾರಸಿ ಮೇಲೆ ಉದ್ದಿನಬೇಳೆ, ಒಣಮೆಣಸಿನಕಾಯಿ ಹರಡಿ, ಕಾಗೆ ಕಾಯುತ್ತಾ ನಿಮ್ಮ ಪತ್ರಗಳನ್ನು ಓದಿದೆ. ಮೊದಲೆಲ್ಲ ದಸರಾ ಹೊತ್ತಿಗೆ ಬರುತ್ತಿದ್ದುದು ‘ಚಕ್ಕುಲಿ ಎಣ್ಣೆಯಲ್ಲಿ ಚದುರಿಹೋಯಿತು’ ಅನ್ನುವ ದೂರು. ಈ ಸಲ ಮುಕ್ಕಾಲುಪಾಲು ಓವನ್ನಿನದೇ ಸಂಕಟ.

ಪ್ರಶ್ನೆ: ಅಕ್ಕಾ, ದೀಪಾವಳಿಗೆ ನಾನ್‌ಖಟಾಯಿ ಮಾಡೋಣ ಅಂತ ಎರಡು ಸಲ ಪ್ರಯತ್ನಿಸಿದೆ. ಉಂಡೆ ಇಟ್ಟಿದ್ದು ದೋಸೆಯಾಗಿ ಹರಡಿಕೊಂಡಿತು. ಎರಡನೇ ಸಲ ಕೆಂಪಗಾಗಲಿ ಅಂತ ಬಿಟ್ಟೆ, ಕಲ್ಲಾಯಿತು. ಎಲ್ಲಿ ತಪ್ಪಿದೆ? — ಗೃಹಿಣಿ, ಮಂಗಳೂರು

ಉತ್ತರ: ತಪ್ಪು ನಿಮ್ಮದಲ್ಲ ತಂಗಿ, ನಿಮ್ಮೂರಿನ ಸೆಖೆಯದು. ನಿಮ್ಮಲ್ಲಿ ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತದೆ. ಕರಗಿದ ತುಪ್ಪದಲ್ಲಿ ಕಲಸಿದ ಹಿಟ್ಟು ಓವನ್ನಿನ ಬಿಸಿ ತಾಗಿದ್ದೇ ತಡ, ಗಟ್ಟಿಯಾಗುವುದಕ್ಕೆ ಮೊದಲೇ ಹರಿದುಬಿಡುತ್ತದೆ. ತುಪ್ಪವನ್ನು ಫ್ರಿಜ್‌ನಲ್ಲಿಟ್ಟು, ಬೆರಳು ಒತ್ತಿದರೆ ಗುಳಿ ಬೀಳುವ ಹದಕ್ಕೆ ತನ್ನಿ. ಆಮೇಲೆ ಅಗಲ ತಟ್ಟೆಯಲ್ಲಿ ಹಾಕಿಕೊಂಡು ಅಂಗೈಯಿಂದ ತಿಕ್ಕಿ. ಹಳದಿ ಬಣ್ಣ ಹೋಗಿ ಬೆಳ್ಳಗೆ ನೊರೆಯಂತಾಗಬೇಕು. ನನಗೆ ಹತ್ತು ನಿಮಿಷ ಹಿಡಿಯುತ್ತದೆ, ತೋಳು ನೋಯುತ್ತದೆ. ಬೀಟರ್ ಇದ್ದವರು ಪುಣ್ಯವಂತರು.

ನನ್ನ ಅಳತೆ: ಮೈದಾ 150 ಗ್ರಾಂ, ಕಡಲೆಹಿಟ್ಟು 25, ಚಿರೋಟಿ ರವೆ 25, ತುಪ್ಪ 110, ಪುಡಿಸಕ್ಕರೆ 90, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಏಲಕ್ಕಿ, ಒಂದು ಚಿಟಿಕೆ ಜಾಯಿಕಾಯಿ. ಹಿಟ್ಟನ್ನು ಚಪಾತಿಯ ಹಾಗೆ ನಾದಬೇಡಿ, ಕೂಡಿಬಂದರೆ ಸಾಕು. ಉಂಡೆ ಕಟ್ಟಿ ಟ್ರೇಯಲ್ಲಿಟ್ಟ ಮೇಲೆ ಟ್ರೇಯನ್ನೇ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಮೈಸೂರಲ್ಲಿ ನಾನು ಇದನ್ನು ಮಾಡುವುದಿಲ್ಲ, ಮಂಗಳೂರಲ್ಲಿ ಮಾಡದೆ ವಿಧಿಯಿಲ್ಲ.

ಇನ್ನು ಕಲ್ಲಾದ ವಿಷಯ. ನಾನ್‌ಖಟಾಯಿ ಕೆಂಪಗಾಗಬಾರದು. 160 ಡಿಗ್ರಿಯಲ್ಲಿ ಹದಿನೆಂಟು ನಿಮಿಷಕ್ಕೆ ಬಗ್ಗಿ ನೋಡಿ. ಮೇಲೆ ಬಿರುಕು ಬಿಟ್ಟು, ತಳದ ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿದ್ದರೆ ತೆಗೆಯಿರಿ. ಮುಟ್ಟಿದರೆ ಮೆತ್ತಗೇ ಇರುತ್ತದೆ. ‘ಬೆಂದಿಲ್ಲ’ ಅಂತ ಮತ್ತೆ ಒಳಗೆ ತಳ್ಳುವುದು ಇಲ್ಲೇ, ಎಲ್ಲರೂ ಎಡವುವುದೂ ಇಲ್ಲೇ. ಗರಿ ಬರುವುದು ಆರಿದ ಮೇಲೆ.

ಓವನ್ನಿನ ಗುಂಡಿ 160 ಅಂದಮಾತ್ರಕ್ಕೆ ಒಳಗೆ ಅಷ್ಟೇ ಇದೆ ಅಂತ ನಂಬಬೇಡಿ. ಒಂದು ಪೌಂಡ್ ಬ್ರೆಡ್ ತಂದು ಟ್ರೇ ತುಂಬ ಚೂರುಗಳನ್ನು ಜೋಡಿಸಿ ಹತ್ತು ನಿಮಿಷ ಇಡಿ. ಯಾವ ಚೂರು ಕಪ್ಪಾಯಿತು, ಯಾವುದು ಬೆಳ್ಳಗೇ ಉಳಿಯಿತು ನೋಡಿದರೆ ನಿಮ್ಮ ಓವನ್ನಿನ ಜಾತಕ ಸಿಗುತ್ತದೆ. ನನ್ನದರ ಹಿಂದಿನ ಎಡಮೂಲೆ ಸುಡುಗಾಡು, ಅಲ್ಲಿ ನಾನು ಏನೂ ಇಡುವುದಿಲ್ಲ.

ಪ್ರಶ್ನೆ: ಹಬ್ಬದ ರಿಯಾಯಿತಿಯಲ್ಲಿ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್ ಓವನ್) ಕೊಂಡಿದ್ದೇವೆ. ಮೊದಲ ಸಲ ಹಚ್ಚುವಾಗ ಏನು ಗಮನಿಸಬೇಕು? — ಶಿವಮೊಗ್ಗದಿಂದ ಒಬ್ಬ ಓದುಗರು

ಉತ್ತರ: ಮೊದಲು ಗೋಡೆ ನೋಡಿ. ಸಾಮಾನ್ಯ ಓಟಿಜಿ 1500 ವಾಟ್‌ನದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಆರೂವರೆ ಆಂಪ್ ಎಳೆಯುತ್ತದೆ. ಮಿಕ್ಸಿ ಹಾಕುವ ಸಣ್ಣ ಸಾಕೆಟ್ಟಿಗೆ ಅದು ಭಾರ. ಗೀಸರಿಗೆ ಹಾಕಿಸುವಂಥ 16 ಆಂಪಿನ ದಪ್ಪ ಸಾಕೆಟ್ಟು ಅಡುಗೆಮನೆಯಲ್ಲಿ ಇಲ್ಲದಿದ್ದರೆ, ಬಿಸ್ಕತ್ತಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ನಾನು ಕರೆಸಲಿಲ್ಲ. ಟಿವಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನೇ ಎಳೆದುಕೊಂಡು ಬಂದೆ. ಎರಡನೇ ಟ್ರೇ ಹೊತ್ತಿಗೆ ಬೆಣ್ಣೆ ಬಿಸ್ಕತ್ತಿನ ಘಮದ ನಡುವೆ ಏನೋ ಕಮಟು. ನಮ್ಮ ಯಜಮಾನರು ‘ಏನೇ ಅದು, ಜೀರಿಗೆ ಸೀದಿತಾ?’ ಅಂದರು. ನೋಡಿದರೆ ಪ್ಲಗ್ಗು ಬಾಕ್ಸಿಗೆ ಅಂಟಿಕೊಂಡು ಕರಗುತ್ತಿತ್ತು. ಮೇನ್ ಆರಿಸಿ, ಹಬ್ಬದ ದಿನ ಸಂಜೆವರೆಗೂ ಫ್ಯಾನಿಲ್ಲದೆ ಕೂತೆವು.

ಸಾಕೆಟ್ಟು ಸರಿಯಿದ್ದರೆ, ಮೊದಲ ದಿನ ಕಿಟಕಿ ತೆರೆದು ಬರಿ ಓವನ್ನನ್ನೇ ಹದಿನೈದು ನಿಮಿಷ ಕಾಯಿಸಿ. ಒಳಗಿನ ಲೇಪ ಹೊಗೆಯಾಡಿ ವಾಸನೆ ಬರುತ್ತದೆ, ಗಾಬರಿ ಬೇಡ. ಗೋಡೆಗೆ ಒರಗಿಸಿ ಇಡಬೇಡಿ.

ಪ್ರಶ್ನೆ: ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದಿದ್ದಾರೆ. ಓವನ್ನಿನಲ್ಲಿ ಚಕ್ಕುಲಿ ಆಗುತ್ತದೆಯೇ, ತಾಯಿ? — ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಬೇಯುತ್ತದೆ ಮೇಷ್ಟ್ರೇ, ಆದರೆ ಚಕ್ಕುಲಿ ಆಗುವುದಿಲ್ಲ. ಕಾದ ಎಣ್ಣೆ ಹಿಟ್ಟಿನ ನೀರನ್ನು ಒಮ್ಮೆಲೇ ಗುಳ್ಳೆ ಎಬ್ಬಿಸಿ ಓಡಿಸುವುದರಿಂದ ಒಳಗೆ ಟೊಳ್ಳಾಗಿ ಗರಿ ಬರುತ್ತದೆ. ಬಿಸಿಗಾಳಿಗೆ ಆ ಅವಸರವಿಲ್ಲ, ನಿಧಾನಕ್ಕೆ ಒಣಗಿಸುತ್ತದೆ. ಹಲ್ಲಿಗೆ ಕೆಲಸ. ಅದರ ಬದಲು ಓವನ್ನಿಗೆಂದೇ ಹುಟ್ಟಿದ ಖಾರ ಬಿಸ್ಕತ್ತು ಮಾಡಿ: ಗೋಧಿಹಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಸ್ವಲ್ಪ ಮೊಸರು. ಅದಕ್ಕೂ ಬೆಣ್ಣೆ ಬೇಕು ಅನ್ನುವುದನ್ನು ಮುಚ್ಚಿಡುವುದಿಲ್ಲ. ಎಷ್ಟು ತಿನ್ನಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಿ.

ಪ್ರಶ್ನೆ: ನವೆಂಬರಿನಲ್ಲಿ ಗುರುವಾರ ಬರುವ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಪಕ್ಕದ ಮನೆಯವರು ಕರೆದಿದ್ದಾರೆ. ಪಂಪ್ಕಿನ್ ಪೈ ಒಯ್ಯುವಾಸೆ. ಊರಿಂದ ಬಂದ ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ದಾರಿ ಇದೆಯೇ ಆಂಟಿ? — ಷಿಕಾಗೋದಿಂದ ಒಬ್ಬ ಸೊಸೆ

ಉತ್ತರ: ಇದೆ. ಮಗಳ ಮನೆಗೆ ನ್ಯೂಜೆರ್ಸಿಗೆ ಹೋಗಿದ್ದಾಗ ಮಾಡಿದ್ದೇನೆ. ನಮ್ಮ ಸಿಹಿಕುಂಬಳದ ಕಡುಬಿನ ಹೂರಣ ಗೊತ್ತಿದ್ದವರಿಗೆ ಇದೇನು ದೊಡ್ಡದಲ್ಲ.

ಅಂಗಡಿಯಲ್ಲಿ ಡಬ್ಬಿಯ ಹೆಸರು ಸರಿಯಾಗಿ ಓದಿ. ‘ಪಂಪ್ಕಿನ್ ಪ್ಯೂರಿ’ ಬೇಕು. ‘ಪೈ ಮಿಕ್ಸ್’ ತಂದರೆ ಅದರಲ್ಲಿ ಆಗಲೇ ಸಕ್ಕರೆ, ಮಸಾಲೆ ಬೆರೆತಿರುತ್ತದೆ. ನಮ್ಮ ಕಾರ್ನ್‌ಫ್ಲೋರ್ ನಿಮ್ಮಲ್ಲಿ ಕಾರ್ನ್‌ಸ್ಟಾರ್ಚ್. ಅಲ್ಲಿ ಕಾರ್ನ್‌ಫ್ಲೋರ್ ಅಂತ ಬರೆದಿದ್ದರೆ ಅದು ಮುಸುಕಿನ ಜೋಳದ ಹಿಟ್ಟು. ರೆಡಿಮೇಡ್ ಪೈ ಕ್ರಸ್ಟಿನ (ಹೂರಣ ತುಂಬುವ ಹಿಟ್ಟಿನ ಬಟ್ಟಲು) ಚೀಟಿಯಲ್ಲಿ ‘ಲಾರ್ಡ್’ ಅಂತಿದೆಯೋ ನೋಡಿ, ಹಂದಿಯ ಕೊಬ್ಬದು. ಮೊಟ್ಟೆ ಬಿಟ್ಟು ಇದನ್ನು ತಿನ್ನಿಸಿದಿರೋ, ಅತ್ತೆಯ ಮುಂದೆ ನಾನು ಸಾಕ್ಷಿಗೆ ಬರುವುದಿಲ್ಲ.

425 ಗ್ರಾಂ ಪ್ಯೂರಿಗೆ ಒಂದು ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಕಾಲು ಕಪ್ ತಣ್ಣನೆ ಹಾಲಲ್ಲಿ ಕದಡಿದ ಮೂರು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್, ದಾಲ್ಚಿನ್ನಿ, ಒಣಶುಂಠಿ, ಏಲಕ್ಕಿ ಬೆರೆಸಿ ಕ್ರಸ್ಟಿಗೆ ಸುರಿಯಿರಿ. ನಿಮ್ಮ ಓವನ್ ಫ್ಯಾರನ್‌ಹೀಟಿನದು, 350ಕ್ಕೆ ಇಡಿ, ನಮ್ಮ ಲೆಕ್ಕದಲ್ಲಿ ಸುಮಾರು 177. ಐವತ್ತು ನಿಮಿಷಕ್ಕೆ ಅಂಚು ಕೂತಿರುತ್ತದೆ, ನಡು ಇನ್ನೂ ಅಲುಗಾಡುತ್ತಿರುತ್ತದೆ. ತೆಗೆದು ಆರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಅಂದರೆ ಗುರುವಾರದ ಊಟಕ್ಕೆ ಬುಧವಾರವೇ ಮಾಡಬೇಕು. ಬೆಳಗ್ಗೆ ಮಾಡಿ ಮಧ್ಯಾಹ್ನ ಕತ್ತರಿಸಿದರೆ ಪಾಯಸ.

ಪ್ರಶ್ನೆ: ಕ್ರಿಸ್‌ಮಸ್ ಕೇಕಿಗೆ ಒಣಹಣ್ಣನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲಿ ಈಗಲೇ ನೆನೆಹಾಕಲೇ? — ಬೆಂಗಳೂರು

ಉತ್ತರ: ಈಗಲೇ ಬೇಡ. ರಮ್ಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ರಸದಲ್ಲಿ ಹುಳಿ ಬರುತ್ತದೆ. ಕೇಕು ಮಾಡುವ ಎರಡು ದಿನ ಮುಂಚೆ ನೆನೆಹಾಕಿ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ಹಬ್ಬಕ್ಕೆ ಅಂತ ತಂದ ರವೆ, ಮೈದಾಗೆ ಹುಳ ಬೀಳುತ್ತದೆ. — ಹಾಸನ

ಉತ್ತರ: ರವೆಯನ್ನು ತಂದ ದಿನವೇ ಹುರಿದು, ಪೂರ್ತಿ ಆರಿಸಿ ಡಬ್ಬಿಗೆ ತುಂಬಿ. ಮೈದಾವನ್ನು ಪ್ಯಾಕೆಟ್ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ, ಬೆವರಿ ಗಂಟಾಗುತ್ತದೆ.

ಪ್ರಶ್ನೆ: ಆಯುಧಪೂಜೆಗೆ ಓವನ್ನಿಗೂ ಪೂಜೆ ಮಾಡಬಹುದೇ? — ತುಮಕೂರಿನಿಂದ ಒಂದು ಪುಟ್ಟ ಓದುಗಿ

ಉತ್ತರ: ಧಾರಾಳವಾಗಿ, ಪುಟ್ಟಿ. ನಮ್ಮಲ್ಲಿ ಮಿಕ್ಸಿ, ಗ್ರೈಂಡರು, ಚಕ್ಕುಲಿ ಒರಳು, ಈಳಿಗೆಮಣೆ, ಕೊನೆಗೆ ಓವನ್, ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಪ್ಲಗ್ ಕಿತ್ತಿಡಲು ಅಮ್ಮನಿಗೆ ಹೇಳು. ಗಾಜಿನ ಬಾಗಿಲಿಗೆ ಹಚ್ಚಬೇಡ, ಆಮೇಲೆ ಬಿಸಿಗೆ ಒಣಗಿ ಕಲೆ ಹೋಗುವುದಿಲ್ಲ. ವಿಜಯದಶಮಿಯ ದಿನ ಓವನ್ ಹಚ್ಚುವ ಮುಂಚೆ ಹೂ ತೆಗೆಯಬೇಕು, ಮರೆಯಬಾರದು. ಹೋದ ವರ್ಷ ನಾನೇ ಮರೆತೆ. ಮೇಲಿದ್ದ ಚೆಂಡುಹೂವಿನ ಹಾರ ಹಪ್ಪಳವಾಗಿತ್ತು, ಮನೆಗೆ ಬಂದವರೆಲ್ಲ ‘ಏನೋ ಹೊಸ ತಿಂಡಿ’ ಅಂತ ಅಡುಗೆಮನೆಗೆ ಇಣುಕಿ ಹೋದರು.